ಮೈಕು ಮುಚ್ಚಿದ ಮೇಲಿನ ಮಾತು

ದೆವ್ವ, ಗಾಳಿ, ಶಕುನ ಅಂತ ಮಾತು ಶುರುವಾದರೆ ಕುಳಿತ ಜಾಗದಿಂದ ಎದ್ದು ಹೋಗುವ ಪೈಕಿ ನಾನು. ಹೆದರಿಕೆಯಿಂದಲ್ಲ, ಬೇಸರದಿಂದ. ಇಂಥ ಕಥೆ ಹೇಳುವವರ ಮುಖದಲ್ಲಿ ಅದೇನೋ ಒಂದು ಚಪಲ ಕಾಣುತ್ತದೆ, ಕೇಳುವವರ ಮುಖದಲ್ಲಿ ಅದಕ್ಕಿಂತ ಹೆಚ್ಚು. ಎರಡನ್ನೂ ಕಂಡರೆ ನನಗೆ ಹೇಸಿಗೆ. ಈಗ ಅಂಥದ್ದೇ ಒಂದನ್ನು ನಾನೇ ಬರೆಯಲು ಕುಳಿತಿದ್ದೇನೆ. ನೀವು ನನ್ನ ಬಗ್ಗೆ ಏನಂದುಕೊಂಡರೂ ನಾನು ತಕರಾರು ಮಾಡುವಂತಿಲ್ಲ. ಒಂದು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ದೆವ್ವ ಇಲ್ಲ, ಸತ್ತವರು ಯಾರೂ ಎದ್ದು ಬರುವುದಿಲ್ಲ. ನಡೆದದ್ದು ಹಾಡುಹಗಲಿನಲ್ಲಿ, ಬಳ್ಳಾರಿ ಸೀಮೆಯ ಸುಡುಬಿಸಿಲಿನಲ್ಲಿ, ಊಟದ ಹೊತ್ತಿಗೆ.

ಆಗ ನಾನು ಬಳ್ಳಾರಿಯ ಒಂದು ಸಣ್ಣ ಎಫ್‌ಎಂ ರೇಡಿಯೋ ಸ್ಟೇಷನ್ನಿನಲ್ಲಿ ಮಾತಾಡುವ ಕೆಲಸದಲ್ಲಿದ್ದೆ. ನಾಲ್ಕೈದು ವರ್ಷಗಳ ಹಿಂದಿನ ಮಾತು. ಸತ್ಯನಾರಾಯಣಪೇಟೆಯ ಒಂದು ಹಳೆ ಕಟ್ಟಡದ ಮೇಲಂತಸ್ತು, ಮಾಳಿಗೆಯ ಮೇಲೆ ಒಂದು ಬಡಕಲು ಟವರ್, ಕೆಳಗೆ ಗಟಾರ. ನಮ್ಮದು ಮೆಲುಹಾಡುಗಳ ಸ್ಟೇಷನ್. ಕುಣಿಯುವ ಹಾಡು ಹಾಕುವಂತಿಲ್ಲ, ಕೆಟ್ಟ ಸುದ್ದಿ ಹೇಳುವಂತಿಲ್ಲ, ದನಿ ಎತ್ತುವಂತಿಲ್ಲ. ನಡುವಯಸ್ಸಿನವರು, ಸಂಸಾರಸ್ಥರು, ಮಧ್ಯಾಹ್ನ ಒಂದು ಗಳಿಗೆ ಅಡ್ಡಾದವರು ಕೇಳಿ ನೆಮ್ಮದಿಯಾಗಬೇಕು ಎನ್ನುವುದು ಮಾಲೀಕರ ಅಪ್ಪಣೆ. ಅವರು ಮೊದಲು ಸಿಮೆಂಟ್ ಏಜೆನ್ಸಿ ನಡೆಸಿದವರು. ಯಾರೋ ಅವರ ತಲೆಗೆ ರೇಡಿಯೋ ಹುಳ ಬಿಟ್ಟಿದ್ದರು. ದಿನಕ್ಕೊಮ್ಮೆ ಒಳಗೆ ಬಂದು, ಇನ್ನೂ ಸ್ವಲ್ಪ ಜೇನುತುಪ್ಪ ಬರಲಿ ದನಿಯಲ್ಲಿ, ಎಂದು ಹೇಳಿ ಹೋಗುತ್ತಿದ್ದರು.

ಇಷ್ಟೆಲ್ಲ ಜೇನು ಸುರಿಸಿದರೂ ಕೇಳುವವರು ಎಷ್ಟು ಜನ ಎಂದರೆ ಆ ಕಥೆಯೇ ಬೇರೆ. ನಮ್ಮ ಸಿಗ್ನಲ್ಲಿಗೆ ಕಸುವು ಇರಲಿಲ್ಲ. ಬಳ್ಳಾರಿಯೊಳಗೇ ಗುಡ್ಡದ ಮರೆಗೆ ಬಿದ್ದ ಓಣಿಗಳಲ್ಲಿ ನಾವು ಗೊರಗೊರ ಎನ್ನುತ್ತಿದ್ದೆವು. ಕಂಟೋನ್ಮೆಂಟಿನಲ್ಲಿ ಕೇಳುತ್ತಿತ್ತು. ಕುರುಗೋಡಿನಲ್ಲಿ ಮಾಳಿಗೆ ಹತ್ತಿ, ರೇಡಿಯೋವನ್ನು ಬಳ್ಳಾರಿ ಕಡೆಗೆ ತಿರುಗಿಸಿ ಹಿಡಿದರೆ ಕೇಳುತ್ತಿತ್ತು. ಅಲ್ಲಿಂದಾಚೆ ಇಲ್ಲವೇ ಇಲ್ಲ. ಸಿರುಗುಪ್ಪ ಕಡೆಗೆ ಹೋದರೆ ಆಂಧ್ರದ ತೆಲುಗು ಸ್ಟೇಷನ್ನುಗಳು ಕೇಳುತ್ತವೆ, ನಾವು ಕೇಳುವುದಿಲ್ಲ. ಹೆಚ್ಚು ಕಸುವಿನ ಯಂತ್ರ ಹಾಕಲು ಅನುಮತಿ ಇರಲಿಲ್ಲ, ಇದ್ದ ಯಂತ್ರ ಬಿಸಿಲಿಗೆ ಬಳಲಿ ಆಗಾಗ ನಿಂತುಬಿಡುತ್ತಿತ್ತು. ಹೀಗಿದ್ದೂ ಮಾಲೀಕರು ಜಾಹೀರಾತು ಕೇಳಲು ಹೋದಲ್ಲೆಲ್ಲ ಬಳ್ಳಾರಿ, ಕುರುಗೋಡು, ಸಿರುಗುಪ್ಪ ಮೂರೂ ತಾಲೂಕಿನ ಮನೆಮನೆಯಲ್ಲಿ ನಾವೇ ಎಂದು ಹೇಳುತ್ತಿದ್ದರು. ಆ ಸುಳ್ಳನ್ನು ಬೆಳಿಗ್ಗೆ ಮೈಕಿನಲ್ಲಿ ಹೇಳುವ ಪಾಳಿ ನನ್ನದು. 'ಬಳ್ಳಾರಿಯಿಂದ ಸಿರುಗುಪ್ಪದವರೆಗೆ ನಿಮ್ಮ ಜೊತೆ ನಾನು' ಎಂದು ದಿನಾ ಹೇಳುತ್ತಿದ್ದೆ.

ನನ್ನದೊಂದು ಚಟವಿತ್ತು. ಈ ಕಥೆಗೆಲ್ಲ ಅದೇ ಮೂಲವಾದ್ದರಿಂದ ಹೇಳಬೇಕು. ಮೈಕಿನಲ್ಲಿ ಮಾತು ಮುಗಿಸಿ ಹಾಡು ಬಿಟ್ಟ ಮೇಲೆ ಮೈಕಿನ ಗುಂಡಿಯನ್ನು ಪೂರ್ತಿ ಕೆಳಗೆ ಇಳಿಸುತ್ತೇವೆ. ಎದುರಿನ ಕೆಂಪು ದೀಪ ಆರುತ್ತದೆ. ಅಲ್ಲಿಂದ ಮುಂದೆ ಆ ಕೋಣೆಯಲ್ಲಿ ಗುಡುಗಿದರೂ ಹೊರಗೆ ಹೋಗುವುದಿಲ್ಲ. ದೀಪ ಆರಿದ ತಕ್ಷಣ ನಾನು ಬೈಯಲು ಶುರು ಮಾಡುತ್ತಿದ್ದೆ. ಮಾಲೀಕರನ್ನು, ಅವರ ಜೇನುತುಪ್ಪವನ್ನು, ತಲೆಯ ಮೇಲೆ ತೊಟ್ಟಿಕ್ಕುವ ಎ.ಸಿ.ಯನ್ನು, ಗಟಾರದ ನಾತವನ್ನು, ಎಲ್ಲಕ್ಕಿಂತ ಹೆಚ್ಚಾಗಿ ನನ್ನದೇ ಬಾಯಿಯನ್ನು. ಮೈಕಿನಲ್ಲಿ ಆಡುವುದು ಪುಸ್ತಕದ ನಯವಾದ ಕನ್ನಡ, ಬೈಯುವುದು ನಮ್ಮ ಮನೆಯ ಕನ್ನಡದಲ್ಲಿ. ಹೀಗೆ ಒಂದು ಹಾಡಿನಷ್ಟು ಹೊತ್ತು ಬೈದರೆ ಮುಂದಿನ ಜೇನುತುಪ್ಪಕ್ಕೆ ನಾಲಗೆ ತಯಾರಾಗುತ್ತಿತ್ತು. ಎರಡು ಬಾಗಿಲ ಒಳಗಿನ, ಗೋಡೆಗೆ ದಪ್ಪ ಮೆತ್ತೆ ಹೊಡೆದ ಕೋಣೆ ಅದು. ಪಕ್ಕದ ಗಾಜಿನಾಚೆ ಕೂರುತ್ತಿದ್ದ ನಮ್ಮ ಯಂತ್ರದ ಉಸ್ತುವಾರಿ ಖಾಜಾನಿಗೂ ನನ್ನ ತುಟಿ ಅಲ್ಲಾಡುವುದು ಕಾಣುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ. ಮಂತ್ರ ಹೇಳತೀರೇನು ಎಂದು ಅವನು ತಮಾಷೆ ಮಾಡುತ್ತಿದ್ದ.

ಮಧ್ಯಾಹ್ನದ ನನ್ನ ಕಾರ್ಯಕ್ರಮದಲ್ಲಿ ಜನ ಫೋನ್ ಮಾಡಿ ತಮಗೆ ಬೇಕಾದವರಿಗಾಗಿ ಹಾಡು ಕೇಳಬಹುದಿತ್ತು. ಫೋನ್ ಮಾಡಿದವರನ್ನು ಆಗ ನಡೆಯುತ್ತಿರುವ ಹಾಡು ಮುಗಿಯುವ ತನಕ ಹಿಡಿದು ನಿಲ್ಲಿಸುತ್ತೇವೆ. ಅಷ್ಟು ಹೊತ್ತು ಅವರಿಗೆ ಹಾಡು ಕೇಳುತ್ತಿರುತ್ತದೆ, ಅವರ ಕಡೆಯ ಸದ್ದೆಲ್ಲ ನನ್ನ ಕಿವಿಗೆ ಬರುತ್ತಿರುತ್ತದೆ. ನಾನು ಕೇಳುತ್ತಿರುವುದು ಅವರಿಗೆ ಗೊತ್ತಿರುವುದಿಲ್ಲ. ಎಷ್ಟು ಮನೆಗಳ ಒಳಗನ್ನು ಹಾಗೆ ಕೇಳಿದ್ದೇನೋ ಲೆಕ್ಕವಿಲ್ಲ. ಹೆಂಡತಿಗೆ ಹುಟ್ಟುಹಬ್ಬದ ಹಾಡು ಬೇಕು ಎಂದು ಕಾಯುತ್ತಿದ್ದವನು ಪಕ್ಕದಲ್ಲೇ ಇದ್ದ ಅದೇ ಹೆಂಡತಿಯನ್ನು ಹೊಲಸು ಬೈಗುಳದಲ್ಲಿ ಬೈಯುತ್ತಿದ್ದುದನ್ನು ಕೇಳಿದ್ದೇನೆ. ಕೆಂಪು ದೀಪ ಹತ್ತಿದರೆ ಅವನ ದನಿಯೂ ಜೇನು, ನನ್ನದೂ ಜೇನು.

ಒಂದು ದಿನ ಒಬ್ಬ ಹುಡುಗ ಫೋನ್ ಮಾಡಿದ. ಬಳ್ಳಾರಿಯವನು, ಪ್ಲಾಟುಗಳ ವ್ಯವಹಾರ. ಕುರುಗೋಡಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಶಾಲೆಯಲ್ಲಿ ಕಲಿಸುವ ನಾಗವೇಣಿ ಎಂಬ ಹುಡುಗಿಯ ಜೊತೆ ಅವನ ಮದುವೆ ಗೊತ್ತಾಗಿತ್ತು, ಅವಳಿಗಾಗಿ ಒಂದು ಹಾಡು ಬೇಕಿತ್ತು. ಕಾಯುತ್ತಿದ್ದಾಗ ಅವನು ಪಕ್ಕದಲ್ಲಿದ್ದ ಗೆಳೆಯನ ಜೊತೆ ಮಾತಾಡುತ್ತಿದ್ದ. ಹುಡುಗಿ ಒಬ್ಬಳೇ ಮಗಳು, ತಂದೆ ಇಲ್ಲ, ತಾಯಿಯ ಹೆಸರಿನಲ್ಲಿ ಭತ್ತ ಬೆಳೆಯುವ ನೀರಾವರಿ ಗದ್ದೆ. ಮದುವೆಗೆ ಮೊದಲೇ ಅದು ಮಗಳ ಹೆಸರಿಗೆ ನೋಂದಣಿಯಾಗುತ್ತದೆ, ಮದುವೆಯಾದ ಮೇಲೆ ಮಾರಿ ಬಳ್ಳಾರಿಯಲ್ಲಿ ಪ್ಲಾಟಿಗೆ ಹಾಕುವುದು, ಮುದುಕಿಯನ್ನು ಎಲ್ಲಾದರೂ ಒಂದು ಕಡೆ ಬಿಟ್ಟರಾಯಿತು. ಹುಡುಗಿ ಒಪ್ಪುತ್ತಾಳಾ ಎಂದು ಗೆಳೆಯ ಕೇಳಿದ. ಇವನು ನಕ್ಕು, "ಆಕೀದೇನಲೇ, ಒಂದು ಹಾಡು ಹಾಕಿಸಿದ್ರ ಕರಗತಾಳ" ಎಂದ.

ಆ ಹಾಡು ಹಾಕುವವನು ನಾನು. ಕೆಂಪು ದೀಪ ಹತ್ತಿತು. ಅವನು ಬೆಣ್ಣೆಯಂಥ ದನಿಯಲ್ಲಿ ಅವಳ ಹೆಸರು ಹೇಳಿದ. ನಾನು ಕೆಲಸದ ಪ್ರಕಾರ, ಇಂಥ ಪ್ರೀತಿ ಎಲ್ಲರಿಗೂ ಸಿಗಲಿ, ನಾಗವೇಣಿ, ನೀವು ಪುಣ್ಯ ಮಾಡಿದ್ದೀರಿ, ಎಂದು ಹೇಳಿ ಹಾಡು ಬಿಟ್ಟೆ. ಗುಂಡಿ ಇಳಿಸಿದೆ, ದೀಪ ಆರಿತು. ಆಮೇಲೆ ನಾನು ಬೈದ ಬೈಗುಳ ಇಲ್ಲಿ ಬರೆಯುವಂಥದಲ್ಲ. ಕೊನೆಗೆ ಹೇಳಿದ್ದು ಮಾತ್ರ ಅಕ್ಷರಕ್ಕೆ ಅಕ್ಷರ ನೆನಪಿದೆ. "ಥೂ, ಇಂಥವ್ನಿಗೆ ನನ್ನ ನಾಲಗಿ ಬಾಡಿಗಿ ಕೊಟ್ಟೀನಲ್ಲ. ಏ ತಾಯಿ, ಯಾರರ ಆಗಿರು, ಆ ಗದ್ದಿ ಬರಕೊಡಬ್ಯಾಡ." ಹೀಗೆ ಎದುರಿಗೆ ಇಲ್ಲದವರ ಜೊತೆ ಮಾತಾಡುವುದು ನನಗೆ ಹೊಸದಲ್ಲ. ಮುಂದಿನ ಫೋನು ಬಂತು, ಅದನ್ನು ಮರೆತೆ.

ಇದಾಗಿ ಕೆಲವು ದಿನಕ್ಕೆ ಮಾಲೀಕರು ನನ್ನನ್ನೂ ಖಾಜಾನನ್ನೂ ಕರೆದು ಸಿರುಗುಪ್ಪ ಕಡೆಗೆ ಹೋಗಿಬರಲು ಹೇಳಿದರು. ಅಲ್ಲಿನ ಒಂದು ಅಕ್ಕಿ ಗಿರಣಿಯವರು ವರ್ಷವಿಡೀ ಜಾಹೀರಾತು ಕೊಡಲು ತಯಾರಿದ್ದರು. ನಮ್ಮ ಸ್ಟೇಷನ್ ಅಲ್ಲಿ ಕೇಳುತ್ತದೆ ಎನ್ನುವುದಕ್ಕೆ ಊರ ಜನರ ದನಿಯಲ್ಲೇ ಪುರಾವೆ ಬೇಕು ಎಂದಿದ್ದರಂತೆ. ಯಾರಿಗಾದರೂ ಚಹಾ ಕುಡಿಸಿ, 'ಚೆನ್ನಾಗಿ ಕೇಳುತ್ತದೆ' ಎಂದು ಹೇಳಿಸಿ ರೆಕಾರ್ಡ್ ಮಾಡಿಕೊಂಡು ಬರುವುದು ನಮ್ಮ ಕೆಲಸ. ಈ ಜಾಹೀರಾತು ಬಾರದಿದ್ದರೆ ಸ್ಟೇಷನ್ ಮುಚ್ಚುವುದೇ ಎಂದು ಮಾಲೀಕರು ಮೆಲುದನಿಯಲ್ಲೇ ಹೇಳಿದರು. ಹೊರಗೆ ಬಂದು ನಾನು ಗಟಾರಕ್ಕೆ ಉಗುಳಿದೆ. ಖಾಜಾ ರೆಕಾರ್ಡಿಂಗಿನ ಮೈಕು ಹುಡುಕಲು ಹೋದ, ಅವನಿಗೆ ಇಬ್ಬರು ಮಕ್ಕಳಿದ್ದರು.

ಭಾನುವಾರ ಕಾರಿನಲ್ಲಿ ಹೊರಟೆವು. ಕುರುಗೋಡಿನ ಮೇಲೆ ಹಾದು ಹೋದೆವು. ಖಾಜಾ ಒಂದು ಅಂಗೈಯಗಲದ ರೇಡಿಯೋ ಹಚ್ಚಿಟ್ಟಿದ್ದ. ಕುರುಗೋಡು ಬರುವ ತನಕ ನಮ್ಮ ಸಹೋದ್ಯೋಗಿ ಹುಡುಗಿಯ ಭಾನುವಾರದ ಕಾರ್ಯಕ್ರಮ ತೆಳ್ಳಗೆ ಕೇಳುತ್ತಿತ್ತು. ಅಲ್ಲಿನ ಬಂಡೆಗುಡ್ಡಗಳನ್ನು ದಾಟಿ ತೆಕ್ಕಲಕೋಟೆಯ ದಾರಿ ಹಿಡಿಯುತ್ತಲೇ ಅವಳ ದನಿ ಒಡೆಯಿತು, ನೀರಿನಲ್ಲಿ ಮುಳುಗಿದಂತಾಯಿತು, ಆಮೇಲೆ ಬರೀ ಸುಸ್ ಎನ್ನುವ ಸದ್ದು. ಸಿರುಗುಪ್ಪ ಮುಟ್ಟುವ ತನಕ ಅದೇ ಸುಸ್. ಖಾಜಾ ಮುಳ್ಳನ್ನು ಒಂದು ಕೂದಲೆಳೆ ಸರಿಸಿದರೆ ತೆಲುಗು ಹಾಡು ಧುತ್ತೆಂದು ಬರುತ್ತಿತ್ತು. ಸಿರುಗುಪ್ಪ ಪೇಟೆಯಲ್ಲಿ ಒಬ್ಬ ಪಾನ್ ಅಂಗಡಿಯವನಿಗೆ ಕೇಳಿದೆವು. ಅವನು ನಮ್ಮ ಸ್ಟೇಷನ್ನಿನ ಹೆಸರನ್ನೇ ಕೇಳಿರಲಿಲ್ಲ, ಆದರೂ ಏನು ಬೇಕೋ ಹೇಳತೀನಿ ಹೇಳ್ರಿ ಎಂದ. ಅವನ ಬಾಯಿಯ ಕೆಂಪು ರಸ, ನೊಣ, ನಾವು ಹಿಡಿದ ಮೈಕು, ಎಲ್ಲ ಸೇರಿ ನನಗೆ ಸಾಕಾಯಿತು. ಇಲ್ಲಿ ಬೇಡ, ಯಾವುದಾದರೂ ಹಳ್ಳಿಗೆ ಹೋಗೋಣ ಎಂದೆ. ಹಾಗೆ ಹತ್ತಿರದ ದೇಶನೂರಿಗೆ ಹೋದೆವು.

ಊರ ಹೊರಗೆ ಕಾಲುವೆಯ ಪಕ್ಕ ನಾಟಿ ನಡೆದಿತ್ತು. ಊಟದ ಹೊತ್ತು. ಬೇವಿನ ಮರದ ಕೆಳಗೆ ಏಳೆಂಟು ಹೆಣ್ಣುಮಕ್ಕಳು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಖಾಜಾ ಕಾರನ್ನು ಅಂಚಿಗೆ ನಿಲ್ಲಿಸಲು ಹೋಗಿ ಒಂದು ಚಕ್ರವನ್ನು ಕೆಸರಿಗೆ ಇಳಿಸಿದ. ನಾನು ಇಳಿದವನೇ ಆ ಕೆಸರನ್ನು, ಆ ಕಾರನ್ನು, ನಮ್ಮನ್ನು ಕಳಿಸಿದವರನ್ನು ಸೇರಿಸಿ ಬಾಯಿಗೆ ಬಂದಂತೆ ಬೈದೆ. ಮರದ ಕೆಳಗೆ ಮಾತು ನಿಂತಿತು. ಎಲ್ಲರೂ ನನ್ನ ಕಡೆ ತಿರುಗಿದರು. ಹೆಂಗಸರ ಮುಂದೆ ಬೈದೆನಲ್ಲ ಎಂದು ನಾನು ನಾಚಿ ಸುಮ್ಮನಾದೆ. ಆಗ ಒಬ್ಬ ಹೆಂಗಸು ಕೈಯ ತುತ್ತು ಕೈಯಲ್ಲೇ ಹಿಡಿದು ಹೇಳಿದಳು: "ಯವ್ವಾ, ರೇಡಿಯೋದಾಗಿನ ಬಯ್ಯೋ ಅಣ್ಣ ಬಂದಾನ ನೋಡ್ರೇ."

ಏನೋ ತಮಾಷೆ ಎಂದುಕೊಂಡೆ. ಖಾಜಾ ಮಾತ್ರ ಅವಕಾಶ ಬಿಡುವವನಲ್ಲ, ಮೈಕು ಹಿಡಿದು ಹತ್ತಿರ ಹೋಗಿ, ನಮ್ಮ ಸ್ಟೇಷನ್ ಕೇಳತೀರಾ ಎಂದು ಕೇಳಿದ. ಕೇಳತೀವ್ರಿ, ದಿನಾ ಕೇಳತೀವಿ, ಎಂದು ನಾಲ್ಕು ದನಿ ಒಟ್ಟಿಗೆ ಬಂದವು. ಯಾವ ಹಾಡು ಇಷ್ಟ ಎಂದ. ಅವರು ಮುಖ ಮುಖ ನೋಡಿಕೊಂಡರು. ಹಾಡು ಎಲ್ಲಿ ಬರತೈತ್ರಿ, ಬರೇ ಸುಸ್ ಅಂತೈತಿ, ನಡುನಡುವ ಈ ಅಣ್ಣ ಬಂದು ಬೈದು ಹೋಗತಾನ, ಅಷ್ಟ, ಎಂದರು. ಆಮೇಲೆ ಒಬ್ಬೊಬ್ಬರೇ ನನ್ನ ಬೈಗುಳಗಳನ್ನು ನನಗೆ ಹೇಳಿ ತೋರಿಸಿದರು. ತಲೆಯ ಮೇಲೆ ನೀರು ತೊಟ್ಟಿಕ್ಕಿಸುವ ಎ.ಸಿ., ಗಟಾರ, ಮಾಲೀಕರನ್ನು ನಾನು 'ಜೇನಿನ್ಯಾಗ ಅದ್ದಿದ ಕೆರ' ಎಂದದ್ದು. ಆ ಕೆರದ, ಅಂದರೆ ಚಪ್ಪಲಿಯ, ಮಾತಿಗೆ ಅವರು ಈಗಲೂ ಬಿದ್ದು ಬಿದ್ದು ನಗುತ್ತಿದ್ದರು. ಮುಚ್ಚಿದ ಕೋಣೆಯಲ್ಲಿ, ಮುಚ್ಚಿದ ಮೈಕಿನ ಮುಂದೆ ಒಬ್ಬನೇ ಆಡಿದ ಮಾತು ಅದು. ಇನ್ನೊಬ್ಬರ ಮುಂದೆ ಯಾವತ್ತೂ ಆಡಿರಲಿಲ್ಲ.

ನಗದೆ ಕೂತಿದ್ದವಳು ಒಬ್ಬಳೇ. ಐವತ್ತು ದಾಟಿದ, ತೆಳ್ಳನೆಯ ಹೆಂಗಸು. ಆ ಗದ್ದೆ ಅವಳದೇ, ಹೆಸರು ಹೊನ್ನೂರಮ್ಮ. ಅವಳು ಕೈ ತೊಳೆದುಕೊಂಡು ಹತ್ತಿರ ಬಂದು ಮೊದಲು ಕೇಳಿದ್ದು, "ಹಲ್ಲು ಕಮ್ಮಿ ಆತೇನ್ ಯಪ್ಪಾ?" ಎಂದು. ಆ ವಾರ ನನಗೆ ದವಡೆಹಲ್ಲು ಸಿಡಿಯುತ್ತಿತ್ತು. ಹಾಡಿನ ನಡುವೆ ಕೆನ್ನೆ ಹಿಡಿದು ನರಳಿದ್ದೆ. ಕಮ್ಮಿಯಾಗಿದೆ ಎಂದೆ. ಹಾಗಾದರೆ ಮನೆಗೆ ಬನ್ನಿ, ಒಂದು ಮಾತು ಕೇಳಬೇಕು ಎಂದಳು.

ಮನೆ ಹತ್ತಿರದಲ್ಲೇ ಇತ್ತು. ಜಂತಿಯಿಂದ ಇಳಿದ ತಂತಿಗೆ ಗಂಟು ಹಾಕಿದ ಒಂದು ಹಳೆ ರೇಡಿಯೋ ಗೂಡಿನಲ್ಲಿ ಕೂತಿತ್ತು. ತೀರಿಹೋದ ಗಂಡ ತೆಲುಗು ಹಾಡು ಕೇಳಲು ತಂದದ್ದಂತೆ. ಒಮ್ಮೆ ಮುಳ್ಳು ಸರಿದು ನಿಂತಾಗ ಸುಸ್ ಸದ್ದಿನ ನಡುವೆ ಯಾರೋ ಗಂಡಸು ನಮ್ಮ ಮಾತಿನಲ್ಲಿ ಬೈಯುವುದು ಕೇಳಿತು, ಹೊನ್ನೂರಮ್ಮ ನಕ್ಕು ಮುಳ್ಳನ್ನು ಹಾಗೆಯೇ ಬಿಟ್ಟಳು. ಆಮೇಲೆ ಊಟದ ಹೊತ್ತಿಗೆ ಅದನ್ನು ಗದ್ದೆಗೂ ಒಯ್ಯುವುದು ರೂಢಿಯಾಯಿತು. ಮನೆಯೊಳಗೆ ಮಗಳಿದ್ದಳು. ತಾಯಿ ಅವಳನ್ನು ಕರೆದ ಹೆಸರು ಕೇಳಿ ನನಗೆ ಎಲ್ಲ ಹೊಳೆಯಿತು. ಅವಳು ನಾಗವೇಣಿ.

ಹೊನ್ನೂರಮ್ಮ ಹೇಳಿದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಒಂದು ಮಧ್ಯಾಹ್ನ ರೇಡಿಯೋದಲ್ಲಿ ನಾನು ಬಹಳ ಸಿಟ್ಟಿನಲ್ಲಿ ಬೈದು, ತಾಯಿ, ಆ ಗದ್ದೆ ಬರೆದುಕೊಡಬೇಡ ಎಂದೆ. ಅದು ತನಗೇ ಹೇಳಿದ್ದು ಎಂದು ಅವಳಿಗೆ ಆಗ ಅನ್ನಿಸಲಿಲ್ಲ. ಸಂಜೆ ಕುರುಗೋಡಿನಿಂದ ಮಗಳು ಫೋನ್ ಮಾಡಿ, ಇವತ್ತು ಮಧ್ಯಾಹ್ನ ಹುಡುಗ ತನಗಾಗಿ ರೇಡಿಯೋದಲ್ಲಿ ಹಾಡು ಹಾಕಿಸಿದ ಎಂದು ಸಂಭ್ರಮದಿಂದ ಹೇಳಿದಳು. ಅದೇ ಹೊತ್ತು, ಅದೇ ದನಿ. ತಾಯಿಗೆ ಆಗ ಹೊಳೆಯಿತು. ಮರುವಾರ ನೋಂದಣಿ ಕಚೇರಿಗೆ ಹೋಗುವುದಿತ್ತು, ತಡೀರಿ ಎಂದು ಹೇಳಿಕಳಿಸಿದಳು. ಹುಡುಗನ ಕಡೆಯವರು, ಗದ್ದೆಯಿಲ್ಲದಿದ್ದರೆ ಮದುವೆಯೂ ಇಲ್ಲ ಎಂದು ಬಾಯಿಬಿಟ್ಟು ಹೇಳದೆ ಸೂಚಿಸಿದ್ದರು. ನಾಳೆಯೊಳಗೆ ಹೂಂ ಅಥವಾ ಉಹೂಂ ಅನ್ನಬೇಕಿತ್ತು. ಅದಕ್ಕೇ ಮಗಳು ಕುರುಗೋಡಿನಿಂದ ಜಗಳಕ್ಕೆಂದೇ ಬಂದಿದ್ದಳು.

ನಾಗವೇಣಿ ಗೋಡೆಗೆ ಒರಗಿ ನನ್ನನ್ನು ನೋಡುತ್ತಿದ್ದಳು. ಓದಿದ ಹುಡುಗಿ, ಕಣ್ಣಿನಲ್ಲಿ ಬೆಂಕಿ. ಅವ್ವನ ತಲೆ ಕೆಟ್ಟಿದೆ ಎಂದು ತಿಳಿದಿದ್ದಳು, ಈಗ ನನ್ನನ್ನು ಕಂಡು ಮೋಸವೇನೋ ನಡೆದಿದೆ ಎಂದು ತಿಳಿದಳು. ಅವಳು ಕೇಳಿದ್ದು ಇಷ್ಟು: "ಕುರುಗೋಡಿನ್ಯಾಗ ನಾನು ಕೇಳಿದ್ದೂ ನಿಮ್ಮ ದನಿ, ಇಲ್ಲಿ ನಮ್ಮವ್ವ ಕೇಳಿದ್ದೂ ನಿಮ್ಮ ದನಿ. ನಾನು ಪುಣ್ಯ ಮಾಡೀನಿ ಅಂದ್ರಿ. ಅವ್ವಗ ಬರಕೊಡಬ್ಯಾಡ ಅಂದ್ರಿ. ಇದರಾಗ ಖರೇ ಯಾವುದು ಹೇಳ್ರಿ ಸಾರ್."

ಖಾಜಾ ಹಿಂದಿನಿಂದ ನನ್ನ ಅಂಗಿ ಎಳೆದ. ಫೋನಿನಲ್ಲಿ ಕೇಳಿಸಿದ್ದನ್ನು ಹೊರಗೆ ಹೇಳುವುದು ನಮ್ಮ ಕೆಲಸದಲ್ಲಿ ನಿಷಿದ್ಧ, ಹೇಳಿದ್ದು ಗೊತ್ತಾದರೆ ಕೆಲಸ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ನಾನು ಮೈಕು ಮುಚ್ಚಿ ಆಡಿದ ಮಾತು ಈ ಮನೆಗೆ ಬಂದಿದೆ ಎಂದು ಒಪ್ಪಿಕೊಳ್ಳಬೇಕಿತ್ತು. ಅದನ್ನು ನನ್ನ ತಲೆಯೇ ಒಪ್ಪುತ್ತಿರಲಿಲ್ಲ. ನನಗೆ ಗೊತ್ತಿಲ್ಲ ಎಂದು ಹೇಳಿ ಎದ್ದು ಬಂದಿದ್ದರೆ ಯಾರೂ ನನ್ನನ್ನು ಏನೂ ಅನ್ನುತ್ತಿರಲಿಲ್ಲ. ಆದರೆ ಆ ತಾಯಿ ನನ್ನ ಹಲ್ಲುನೋವು ಕೇಳಿದ್ದಳು.

"ನಿಮ್ಮವ್ವ ಕೇಳಿದ್ದು ಖರೇ ಅಮ್ಮಾ" ಎಂದೆ.

ಆಮೇಲೆ ಅವನು ಕಾಯುತ್ತಿದ್ದಾಗ ಆಡಿದ್ದನ್ನೆಲ್ಲ ಹೇಳಿದೆ. ಗದ್ದೆ ಮಾರುವ ಮಾತಿಗೆ ಅವಳು ಅಲ್ಲಾಡಲಿಲ್ಲ, ಎಲ್ಲರೂ ಹಾಗೆ ಯೋಚನೆ ಮಾಡುತ್ತಾರೆ ಎಂದು ವಾದಿಸಿದಳು. ತಾಯಿಯನ್ನು ಎಲ್ಲಾದರೂ ಬಿಡುವ ಮಾತಿಗೆ ವಾದ ಬಿಟ್ಟು ತಾಯಿಯ ಕಡೆ ನೋಡಿದಳು. ಹಾಡಿನ ಮಾತನ್ನು ನುಂಗಿಕೊಳ್ಳೋಣ ಅಂದುಕೊಂಡಿದ್ದೆ, ಆದರೆ ಅವಳೇ ಮತ್ತೇನಂದ, ಮತ್ತೇನಂದ ಎಂದು ಬೆನ್ನು ಹತ್ತಿದಳು. ಹೇಳಿದೆ. ಒಂದು ಹಾಡಿಗೆ ಕರಗುತ್ತಾಳೆ ಎಂದ ಎಂದೆ. ಅವಳು, "ಕರಗಿದ್ನಿ ನೋಡ್ರಿ" ಎಂದಷ್ಟೇ ಹೇಳಿ ಒಳಗೆ ಹೋದಳು. ಆ ಮನೆಯಲ್ಲಿ ಕೂತು ನನಗೆ ನನ್ನ ಕೆಲಸದ ಮೇಲೆ ಹುಟ್ಟಿದ ಹೇಸಿಗೆ ಹಿಂದೆಂದೂ ಹುಟ್ಟಿರಲಿಲ್ಲ.

ಹೊರಡುವ ಮುಂಚೆ ಆ ರೇಡಿಯೋ ಹಚ್ಚಿ ಎಂದು ಕೇಳಿದೆ. ಹೊನ್ನೂರಮ್ಮ ಹಚ್ಚಿದಳು. ಮುಳ್ಳು ನಮ್ಮ ಜಾಗದಲ್ಲೇ ಇತ್ತು. ಸುಸ್ ಎನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ಖಾಜಾ ಬಳ್ಳಾರಿಗೆ ಫೋನ್ ಮಾಡಿ, ಭಾನುವಾರದ ಕಾರ್ಯಕ್ರಮದ ಹುಡುಗಿಗೆ ಮೈಕು ಮುಚ್ಚಿ ಏನಾದರೂ ಮಾತಾಡು ಎಂದ. ಅವಳು ಆಶ್ಚರ್ಯಪಟ್ಟುಕೊಂಡೇ ಏನೋ ಹೇಳಿದಳಂತೆ. ಇಲ್ಲಿ ಸುಸ್ ಎಂಬುದು ಸುಸ್ ಆಗಿಯೇ ಉಳಿಯಿತು. ಬೇರೆಯವರದು ಬರಂಗಿಲ್ರಿ, ನಿಮ್ಮದು ಅಷ್ಟ, ಎಂದು ಹೊನ್ನೂರಮ್ಮ ಸಾದಾ ವಿಷಯ ಹೇಳುವಂತೆ ಹೇಳಿದಳು.

ನೀವು ಈಗ ಯೋಚಿಸುತ್ತಿರುವುದನ್ನೆಲ್ಲ ನಾವೂ ಯೋಚಿಸಿದೆವು. ಗುಂಡಿ ಕೆಟ್ಟು ಮಾತು ಸೋರಿರಬಹುದು. ಸೋರಿದ್ದರೆ ಬಳ್ಳಾರಿಗೆ ಮೊದಲು ಕೇಳಬೇಕಿತ್ತು. ಮಾಲೀಕರು ಇಡೀ ದಿನ ನಮ್ಮ ಸ್ಟೇಷನ್ ಹಚ್ಚಿಟ್ಟುಕೊಂಡೇ ಕೂರುವವರು, ಜೇನಿನಲ್ಲಿ ಅದ್ದಿದ ಕೆರ ಎಂದದ್ದು ಅವರ ಕಿವಿಗೆ ಬಿದ್ದಿದ್ದರೆ ಅವತ್ತೇ ನಾನು ಬೀದಿಯಲ್ಲಿರುತ್ತಿದ್ದೆ. ಕುರುಗೋಡಿನ ಚಿಕ್ಕಮ್ಮನ ಮನೆಯಲ್ಲಿ ಹಾಡು ಬಿಟ್ಟು ಬೇರೇನೂ ಕೇಳಿರಲಿಲ್ಲ. ಮರುದಿನ ಖಾಜಾ ಎಲ್ಲ ತಂತಿ ಬಿಚ್ಚಿ ನೋಡಿದ, ಎಲ್ಲ ಸರಿಯಾಗಿತ್ತು. ನಾವು ಗಾಳಿಗೆ ಬಿಟ್ಟದ್ದನ್ನೆಲ್ಲ ಇಟ್ಟುಕೊಳ್ಳುವ ರೆಕಾರ್ಡಿಂಗನ್ನು ಕೇಳಿದೆವು. ನಾನು 'ಪುಣ್ಯ ಮಾಡಿದ್ದೀರಿ' ಎನ್ನುತ್ತೇನೆ, ಹಾಡು ಶುರುವಾಗುತ್ತದೆ, ಹಾಡು ಮುಗಿಯುತ್ತದೆ. ನಡುವೆ ನನ್ನ ಉಸಿರೂ ಇಲ್ಲ. ಖಾಜಾ ಕೈ ಒರೆಸಿಕೊಂಡು, "ಭಾಯ್, ನಂಗ ಮಕ್ಕಳು ಅದಾವ, ಇದನ್ನ ಇಲ್ಲಿಗೇ ಬಿಡ್ರಿ" ಎಂದ. ಬಿಟ್ಟೆವು.

ಮಾಲೀಕರಿಗೆ ನಮ್ಮ ರೆಕಾರ್ಡಿಂಗ್ ಬಹಳ ಮೆಚ್ಚುಗೆಯಾಯಿತು. ನನ್ನ ಬೈಗುಳಗಳ ಭಾಗವನ್ನು ಖಾಜಾ ಮೊದಲೇ ಅಳಿಸಿ ಕೊಟ್ಟಿದ್ದ. ಹಾಡು ಬರುವುದಿಲ್ಲ ಎಂಬುದನ್ನು ಅವರು ಕತ್ತರಿಸಿ, 'ಕೇಳತೀವ್ರಿ, ದಿನಾ ಕೇಳತೀವಿ' ಎಂಬುದನ್ನೂ ಆಮೇಲಿನ ನಗುವನ್ನೂ ಉಳಿಸಿಕೊಂಡು ಗಿರಣಿಯವರಿಗೆ ಕೇಳಿಸಿದರು. ಅಷ್ಟು ನಿಜವಾದ ನಗು ದುಡ್ಡು ಕೊಟ್ಟರೂ ಸಿಗುವುದಿಲ್ಲ ಎಂದು ನನ್ನ ಬೆನ್ನು ತಟ್ಟಿದರು. ತಾವು ಕೆರವಾದ ಮಾತಿಗೆ ಆ ಹೆಂಗಸರು ನಗುತ್ತಿದ್ದಾರೆ ಎಂದು ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಗಿರಣಿಯ ಜಾಹೀರಾತು ಬಂತು, ಸ್ಟೇಷನ್ ಉಳಿಯಿತು. ನನಗೆ ನಗುವೂ ಬರಲಿಲ್ಲ, ಸಂತೋಷವೂ ಆಗಲಿಲ್ಲ.

ನನ್ನ ಮೇಲೆ ಇದರ ಪರಿಣಾಮ ಆದದ್ದು ಬೇರೆ ರೀತಿ. ನಾನು ಬೈಯುವುದನ್ನು ನಿಲ್ಲಿಸಿದೆ. ಹಠ ಹಿಡಿದು ನಿಲ್ಲಿಸಿದ್ದಲ್ಲ, ಬೈಗುಳ ಬಾಯಿಗೆ ಬರುತ್ತಿರಲಿಲ್ಲ. ದೀಪ ಆರಿದ ಕೂಡಲೇ ಆ ಬೇವಿನ ಮರ ಕಣ್ಣಿಗೆ ಕಟ್ಟುತ್ತಿತ್ತು, ಕೈಯಲ್ಲಿ ತುತ್ತು ಹಿಡಿದು ಕಾಯುತ್ತಿರುವ ಹೆಂಗಸರು ಕಾಣುತ್ತಿದ್ದರು. ಯಾರೂ ಕೇಳುವುದಿಲ್ಲ ಎಂಬ ಧೈರ್ಯವೇ ನನ್ನ ಬೈಗುಳದ ಬಂಡವಾಳ. ಅದು ಹೋಯಿತು. ಹಾಡು ಮುಗಿಯುವ ತನಕ ತುಟಿ ಹೊಲಿದುಕೊಂಡು ಕೂರುತ್ತಿದ್ದೆ, ಆಮೇಲೆ ಜೇನು ಸುರಿಸುತ್ತಿದ್ದೆ. ಬೈದು ಹೊರಹಾಕದೆ ಒಳಗೇ ಉಳಿದ ಹೇಸಿಗೆ ಎಂಥದೆಂದು ಆಗ ಗೊತ್ತಾಯಿತು. ಊಟ ಸೇರುತ್ತಿರಲಿಲ್ಲ.

ಹೀಗೆ ಒಂದು ತಿಂಗಳು ಕಳೆದಿರಬೇಕು. ಮಧ್ಯಾಹ್ನದ ಕಾರ್ಯಕ್ರಮಕ್ಕೆ ಒಂದು ಫೋನು ಬಂತು, ಹಿಡಿದು ನಿಲ್ಲಿಸಿದೆ. ಆ ಕಡೆ ಯಾರ ಮಾತೂ ಇರಲಿಲ್ಲ, ದೂರದಲ್ಲಿ ಮಕ್ಕಳ ಗದ್ದಲ ಮಾತ್ರ. ಶಾಲೆ ಇರಬೇಕು ಎಂದುಕೊಳ್ಳುವಷ್ಟರಲ್ಲಿ, ಸಾರ್, ನಾನು ನಾಗವೇಣಿ, ಹಾಡು ಬ್ಯಾಡ, ಎಂಬ ದನಿ ಬಂತು. ಮೈಕಿನಲ್ಲಿ ಹಾಕಬೇಡಿ, ಹಿಂಗೇ ಮಾತಾಡತೀನಿ ಎಂದಳು. ಗದ್ದೆ ಇಲ್ಲದೆ ಮದುವೆಯಾಗುತ್ತೀಯಾ ಎಂದು ತಾನೇ ಹುಡುಗನನ್ನು ಕೇಳಿದಳಂತೆ. ಅವನು ಫೋನ್ ಎತ್ತುವುದನ್ನೇ ಬಿಟ್ಟ. ಗದ್ದೆ ಅವ್ವನ ಹೆಸರಿನಲ್ಲೇ ಇದೆ, ನಾಟಿ ಚೆನ್ನಾಗಿ ಹತ್ತಿದೆ. ನಿಮ್ಮ ಮೇಲೆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ ಎಂದೂ ಹೇಳಿದಳು. ನಾನು ಸರಿ ಎಂದೆ. ಆಮೇಲೆ ಅವಳು ಫೋನ್ ಮಾಡಿದ ಕಾರಣ ಹೇಳಿದಳು.

"ಅವ್ವ ಕೇಳಾಕ ಹತ್ಯಾಳ್ರಿ, ಆ ಅಣ್ಣ ಯಾಕ ಸುಮ್ಮನಾಗ್ಯಾನ ಅಂತ. ಗದ್ಯಾಗ ಎಲ್ಲಾರೂ ಸುಸ್ ಅನ್ನೋದನ್ನ ಹಚಗೊಂಡು ಕುಂತಿರ್ತಾರ. ಮೈಯಾಗ ಆರಾಮ ಇಲ್ಲೇನು ಕೇಳು ಅಂದ್ಲು."

ಆರಾಮ ಇದ್ದೇನೆ ಅಂತ ಹೇಳಮ್ಮ ಎಂದೆ. ಅದನ್ನ ನೀವೇ ಹೇಳ್ರಿ ಸಾರ್ ಎಂದು ಫೋನ್ ಇಟ್ಟಳು.

ಹಾಡು ನಡೆದಿತ್ತು. ಗುಂಡಿ ಪೂರ್ತಿ ಕೆಳಗಿತ್ತು, ಕೈಯಿಂದ ಒತ್ತಿ ನೋಡಿದೆ. ದೀಪ ಆರಿತ್ತು. ಗಾಜಿನಾಚೆ ಖಾಜಾ ತಲೆ ಬಗ್ಗಿಸಿ ಊಟದ ಡಬ್ಬಿ ತೆರೆಯುತ್ತಿದ್ದ. ತಲೆಯ ಮೇಲೆ ಎ.ಸಿ. ತೊಟ್ಟಿಕ್ಕುತ್ತಿತ್ತು, ಅದರ ಸಂದಿಯಿಂದ ಗಟಾರದ ನಾತ ಬರುತ್ತಿತ್ತು. ನಾನು ಮೈಕಿನ ಹತ್ತಿರ ಬಾಯಿ ಒಯ್ದು, ಯಾರಾದರೂ ನೋಡಿದರೆ ಹುಚ್ಚನೆಂದು ತಿಳಿಯುವಂತೆ, "ಆರಾಮ ಅದೀನಿ ಬೇ ಯವ್ವಾ, ಊಟ ಮಾಡ್ರಿ" ಎಂದೆ. ಅದರ ಬೆನ್ನಿಗೇ, ತಡೆದಿಟ್ಟದ್ದೆಲ್ಲ ಒಟ್ಟಿಗೆ ಬಂತು. ಆ ಹಾಡು ಮುಗಿಯುವ ತನಕ ಬೈದೆ.

ನಾನು ಆ ಸ್ಟೇಷನ್ ಬಿಟ್ಟು ಬಹಳ ದಿನವಾಯಿತು. ನನ್ನ ಆ ಮಾತು ದೇಶನೂರಿಗೆ ಮುಟ್ಟಿತೋ ಇಲ್ಲವೋ ನನಗೆ ಗೊತ್ತಿಲ್ಲ. ನಾಗವೇಣಿಯ ನಂಬರು ಇತ್ತು, ಫೋನ್ ಮಾಡಿ ಒಂದು ಮಾತು ಕೇಳಿದ್ದರೆ ತಿಳಿಯುತ್ತಿತ್ತು. ಎಷ್ಟೋ ಸಲ ಕೈ ಹೋಗಿದೆ, ಕೇಳಿಲ್ಲ. ಆದರೆ ಆ ಕೆಲಸದಲ್ಲಿ ಇರುವ ತನಕ ಅವರ ಊಟದ ಹೊತ್ತಿಗೆ ಒಂದು ದಿನವೂ ಬೈಯದೆ ಬಿಡಲಿಲ್ಲ.